ಎಲ್ಲಿಗೆ ಎಂದು ಕೇಳಬಾರದು

"ಜಬ್! ಜಬ್ ಎತಲ್!"

ಲಿಮೆಟೊ ಗಂಟಲು ಹರಿಯುವಂತೆ ಕೂಗಿದಳು. ದಿಬ್ಬದ ತುದಿಯಲ್ಲಿ ನಿಂತಿದ್ದ ಆ ಪರದೇಶಿ ತಿರುಗಿ ನೋಡಿ, ಹಲ್ಲು ಬಿಟ್ಟು ಕೈ ಬೀಸಿದ!

'ಅಯ್ಯೋ ದೇವರೇ... ಹೋಗಬೇಡ ಅಂದರೆ ಕೈ ಬೀಸುತ್ತಾನಲ್ಲ ಈ ಮಹಾನುಭಾವ!'

ಅವನ ಬೆನ್ನ ಹಿಂದೆ ಕಡಲು ಸದ್ದಿಲ್ಲದೆ ಏಳುತ್ತಿತ್ತು. ನಮ್ಮ ಎನೆಲಿಕ್ ದ್ವೀಪದ ಹೊರಮಗ್ಗುಲಲ್ಲಿ ಉಬ್ಬರದ ಹೊತ್ತಿಗೆ ಯಾರೂ ನಿಲ್ಲುವುದಿಲ್ಲ. ಹುಟ್ಟಿದಾಗಿನಿಂದ ಆ ನೀರನ್ನೇ ನೋಡುತ್ತಾ ಬೆಳೆದ ನಮಗೇ ಆ ಧೈರ್ಯವಿಲ್ಲ.

ಅವಳು ಬರಿಗಾಲಲ್ಲಿ ಹವಳದ ಕಲ್ಲುಗಳ ಮೇಲೆ ಓಡಿದಳು. ಅಂಗಿಯ ಕಾಲರ್‌ಗೆ ಕೈ ಹಾಕಿ ಎಳೆದಳು. ಅಷ್ಟರಲ್ಲಿ ಅಲೆ ಇಬ್ಬರ ಮೇಲೂ ಕುಸಿದು ಬಿತ್ತು. ಉಸಿರು ಸಿಕ್ಕಿ ಕಣ್ಣು ಬಿಟ್ಟಾಗ ಇಬ್ಬರೂ ಮಂಡಿ ತರಚಿಕೊಂಡು ಮರಳಿನ ಮೇಲೆ ಬಿದ್ದಿದ್ದರು. ಅವಳ ಮುಷ್ಟಿಯಲ್ಲಿ ಅವನ ಕಾಲರ್ ಇನ್ನೂ ಹಾಗೇ ಇತ್ತು.

"ನಿಮಗೆ ಕಿವಿ ಕೇಳಿಸಲ್ವಾ?" ಅವಳು ಇಂಗ್ಲಿಷಿನಲ್ಲಿ ಗದರಿದಳು.

"ಕೇಳಿಸ್ತು... ಸ್ವಾಗತ ಮಾಡ್ತಿದ್ದೀರಿ ಅಂದ್ಕೊಂಡೆ."

"ಸ್ವಾಗತ! 'ಜಬ್ ಎತಲ್' ಅಂದ್ರೆ ಹೋಗಬೇಡ ಅಂತ! ಅಷ್ಟೂ ಗೊತ್ತಿಲ್ದೆ ಈ ಊರಲ್ಲಿ ಓಡಾಡಿದ್ರೆ ಸಾಯ್ತೀರಿ."

ಅವನು ಕೆಮ್ಮುತ್ತಲೇ ನಕ್ಕ. "ಹಾಗಾದ್ರೆ ಸಾಯದೆ ಇರೋಕೆ ಎಷ್ಟು ಮಾತು ಕಲೀಬೇಕು, ಟೀಚರ್?"

"ನಾನು ಟೀಚರ್ ಅಂತ ಯಾರು ಹೇಳಿದ್ರು?"

"ಬೈಯೋ ಧಾಟೀಲೇ ಗೊತ್ತಾಯ್ತು!"

ಅವಳಿಗೆ ಕೋಪ ಬರಬೇಕಿತ್ತು. ಬರಲಿಲ್ಲ. ಎದೆ ಮಾತ್ರ ಓಡಿದ್ದಕ್ಕೋ ಇನ್ನೇತಕ್ಕೋ ಡವಗುಟ್ಟುತ್ತಲೇ ಇತ್ತು. ಅವನ ಒಂದು ಕಾಲಿನ ನೀಲಿ ಚಪ್ಪಲಿ ಆಗಲೇ ಅಲೆಗಳ ಮೇಲೆ ದೂರ ತೇಲಿಹೋಗುತ್ತಿತ್ತು.

ಸಂಜೆ ಈ ಕಥೆ ಕೇಳಿದ ಅವಳ ಅಜ್ಜಿ, ನಮ್ಮೆಲ್ಲರ ಬೂಬು, ಹೆಣೆಯುತ್ತಿದ್ದ ಕೇದಗೆ ಓಲೆಯ ಚಾಪೆಯಿಂದ ತಲೆ ಎತ್ತಲಿಲ್ಲ.

"ಕಡಲು ಒಂದು ಚಪ್ಪಲಿ ತಗೊಂಡ್ರೆ ಸುಮ್ನಿರಲ್ಲ ಮಗಾ. ಇನ್ನೊಂದಕ್ಕೆ ಬಂದೇ ಬರುತ್ತೆ."

"ಬೂಬು! ನಿನ್ನ ಬಾಯಲ್ಲಿ ಒಳ್ಳೇದು ಬರೋದೇ ಇಲ್ವಾ?"

"ಬರುತ್ತೆ. ಒಳ್ಳೇದು ನಡೆದಾಗ," ಅಂದಳು ಮುದುಕಿ.

* * *

ಅವನ ಹೆಸರು ಆರ್ನೆಲ್. ಫಿಲಿಪ್ಪೀನ್ಸಿನ ಯಾವುದೋ ಬೆಟ್ಟದ ಊರಿನವನು. ಎಲೆಕೋಸು ಬೆಳೆಯುವ ಆ ಊರಲ್ಲಿ ಬೆಳಗಾದರೆ ಮಂಜು, ರಾತ್ರಿಯಾದರೆ ಕಂಬಳಿ. ಈಜು ಮಾತ್ರ ಬಾರದು. ಉಪ್ಪುನೀರನ್ನು ಕುಡಿಯುವ ನೀರು ಮಾಡುವ ನಮ್ಮ ಊರಿನ ಯಂತ್ರ ಕೆಟ್ಟು ಕೂತಿತ್ತು. ಅದನ್ನೂ ಅದರ ಸೋಲಾರ್ ಹಲಗೆಗಳನ್ನೂ ರಿಪೇರಿ ಮಾಡಲು ಸರಕು ಹಡಗಿನಲ್ಲಿ ಬಂದಿಳಿದಿದ್ದ. ಹಡಗು ಮತ್ತೆ ಬರುವವರೆಗೆ ಚರ್ಚಿನ ಪಕ್ಕದ ಕೋಣೆಯಲ್ಲಿ ವಾಸ.

ಶಾಲೆ ಬಿಟ್ಟ ಮೇಲೆ ಜೀಗುಜ್ಜೆ ಮರದ ಕೆಳಗೆ ಪಾಠ ಶುರುವಾಯಿತು. ಎದುರಾದವರಿಗೆ 'ಯಾಕ್ವೆ', ಕೊಟ್ಟವರಿಗೆ 'ಕೊಮ್ಮೋಲ್', ಕರೆಯುವುದಕ್ಕೆ 'ಇತೋಕ್', ಅಂದರೆ ಬಾ. ತಪ್ಪಾದರೆ 'ಜೊಲೊಕ್ ಬೋದ್', ಅಂದರೆ ತಪ್ಪನ್ನು ಎಸೆದುಬಿಡು.

"ಎಲ್ಲಿಗೆ ಎಸೀಬೇಕು?" ಅವನು ಕೇಳಿದ.

"ಎಲ್ಲಾದ್ರೂ. ವಾಪಸ್ ತರಬಾರದು ಅಷ್ಟೇ."

"ಹೌದು ಅನ್ನೋಕೆ?"

ಲಿಮೆಟೊ ಸುಮ್ಮನೆ ಹುಬ್ಬು ಮೇಲೆತ್ತಿದಳು. ನಾವು ಹೌದು ಅನ್ನುವುದು ಹಾಗೆಯೇ. ಅವನೂ ಎತ್ತಿದ, ಎರಡು ಹುಬ್ಬಿನ ಜೊತೆ ಕಿವಿಗಳೂ ಎದ್ದವು. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಆದರೆ ಒಂದು ವಿಷಯದಲ್ಲಿ ಅವನು ಅವಳನ್ನು ಬೆರಗುಗೊಳಿಸಿದ. ಬಂದ ಪರದೇಶಿಗಳೆಲ್ಲ ಎಡವುತ್ತಿದ್ದದ್ದು ನಮ್ಮ 'ಙ'ದ ಮೇಲೆ. ಆರ್ನೆಲ್ ಮಾತ್ರ ಮೊದಲ ಸಲವೇ ಮೂಗಿನಲ್ಲಿ ಹಗುರವಾಗಿ ತೇಲಿಸಿಬಿಟ್ಟ.

"ಕ್ವೋಜ್ ಎತಲ್ ಙಾನ್ ಇಯಾ?"

ಎಲ್ಲಿಗೆ ಹೊರಟೆ? ನಮ್ಮ ಊರಲ್ಲಿ ದಾರಿಯಲ್ಲಿ ಸಿಕ್ಕವರನ್ನೆಲ್ಲ ಹೀಗೇ ಮಾತಾಡಿಸುವುದು.

"ಇನ್ನೊಂದ್ಸಲ ಹೇಳಿ."

"ಕ್ವೋಜ್ ಎತಲ್ ಙಾನ್ ಇಯಾ?"

"...ಮತ್ತೆ."

ತಿದ್ದಲು ಏನೂ ಇರಲಿಲ್ಲ. ತನ್ನ ಭಾಷೆ ಇಷ್ಟು ಚೆಂದ ಅಂತ ಅವಳಿಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲವಲ್ಲ! ಅವಳು ಮುಖ ತಿರುಗಿಸಿ ಬಿದ್ದಿದ್ದ ಎಲೆಯೊಂದನ್ನು ಹರಿಯುತ್ತಾ ಕೂತಳು.

ಮಾರನೆಯ ದಿನದಿಂದ ಊರಿಗೆ ಊರೇ ಅವನ ಪ್ರಶ್ನೆಗೆ ಸಿಕ್ಕಿಬಿತ್ತು. ನೀರಿಗೆ ಹೊರಟವರು, ಚರ್ಚಿಗೆ ಹೊರಟವರು, ಹಂದಿ ಅಟ್ಟಿಸಿಕೊಂಡು ಹೊರಟವರು... ಯಾರನ್ನೂ ಬಿಡಲಿಲ್ಲ. ಉತ್ತರ ಕೊಟ್ಟು, "ಇತೋಕ್, ಊಟ ಮಾಡ್ಕೊಂಡು ಹೋಗು" ಅಂತ ಪ್ರತಿ ಮನೆಯವರೂ ಕರೆದರು. ದಾರಿಹೋಕನನ್ನು ಊಟಕ್ಕೆ ಕರೆಯದೆ ಬಿಡುವುದು ನಮ್ಮಲ್ಲಿಲ್ಲ.

"ಅವರು ಕೊಡೋ ಉತ್ತರ ಅರ್ಥ ಆಗುತ್ತಾ?" ಲಿಮೆಟೊ ಕೇಳಿದಳು.

"ಎಲ್ಲಿ! ಪ್ರಶ್ನೆ ಮಾತ್ರ ಬರುತ್ತೆ. ಉತ್ತರ ಎಲ್ಲಾ ಹಾಡಿನ ಹಾಗೆ ಕೇಳುತ್ತೆ. ಮರೀಬಾರದು ಅಂತ ಗುನುಗ್ತಾ ಇರ್ತೀನಿ. ಸಂಜೆ ಟೀಚರ್ ಹತ್ರ ತಂದು ಅರ್ಥ ಕೇಳ್ತೀನಿ."

ಹಾಗೆ ಅವನು ಬಾಯಿಪಾಠ ಮಾಡಿ ತಂದ ಒಂದು ಉತ್ತರ ಕೇಳಿ ಅವಳು ನಕ್ಕು ನಕ್ಕು ಸುಸ್ತಾದಳು. ನಮ್ಮ ರೂಬೊನ್ ಮಾವ ಹೇಳಿ ಕಳಿಸಿದ್ದು: "ಟೀಚರಮ್ಮನ ಮನೆಗೆ ಹೆಣ್ಣು ಕೇಳೋಕೆ ಹೋಗ್ತಿದ್ದೀನಿ, ನೀನೂ ಬರ್ತೀಯಾ?"

"ಏನಂತೆ ಅದರ ಅರ್ಥ?"

"ಏನಿಲ್ಲ... ಮೀನಿಗೆ ಹೋಗ್ತಿದ್ದಾರಂತೆ."

ಸುಳ್ಳು ಹೇಳಿದ ಅವಳ ಕಿವಿ ಕೆಂಪಾಯಿತು. ಅವನು ಅದನ್ನೇ ನೋಡುತ್ತಿದ್ದ.

* * *

ಹೇಳಿಕೊಡದೆ ಬಿಟ್ಟಿದ್ದು ಒಂದೇ ಒಂದು. ಹುಟ್ಟಿನಿಂದ ರಕ್ತದಲ್ಲಿ ಬಂದದ್ದನ್ನು ಹೇಳಿಕೊಡಬೇಕು ಅಂತ ಯಾರಿಗೆ ತಾನೆ ಹೊಳೆಯುತ್ತದೆ?

ದಾರಿಯಲ್ಲಾದರೆ ಯಾರನ್ನು ಬೇಕಾದರೂ ಕೇಳಬಹುದು. ದೋಣಿ ನೀರಿಗಿಳಿದ ಮೇಲೆ, ಅದರಲ್ಲಿ ಕಾಲಿಟ್ಟವನನ್ನು ಎಲ್ಲಿಗೆ ಎಂದು ಕೇಳಬಾರದು. ಕೇಳಿದರೆ ಕಡಲಿಗೂ ಕೇಳಿಸುತ್ತದೆ. ಅದು ಮುಂದಾಗಿ ಹೋಗಿ ಕಾಯುತ್ತದೆ. ಹೆಂಡತಿ ಕೇಳುವುದಿಲ್ಲ, ತಾಯಿ ಕೇಳುವುದಿಲ್ಲ. ಹೋದವನ ಚಾಪೆಯನ್ನು ಅವನು ಬರುವ ತನಕ ಮಡಿಸುವುದೂ ಇಲ್ಲ.

ಆ ವಾರ ಲಿಮೆಟೊಳ ಅಕ್ಕನ ಮಗುವಿಗೆ ವರ್ಷ ತುಂಬುವ ಹಬ್ಬವಿತ್ತು. ನಮ್ಮಲ್ಲಿ ಮೊದಲ ವರ್ಷದ ಔತಣವೆಂದರೆ ಮದುವೆಗಿಂತ ದೊಡ್ಡದು. ಅವಳ ಅಪ್ಪ ಲಾಬೆರಿಕ್ ಬೆಳಗಿನ ನಸುಕಿಗೇ ದೋಣಿ ತಳ್ಳಿದ. ಲಿಮೆಟೊ ಮನೆಯ ಹಿಂದೆ ತೆಂಗಿನಕಾಯಿ ತುರಿಯುತ್ತಿದ್ದಳು. ಬೂಬು ಚಾಪೆಯ ಮುಂದೆ ಕೂತಿದ್ದಳು.

ಮರಗಳಾಚೆ, ದಂಡೆಯ ಕಡೆಯಿಂದ ಆ ದನಿ ಕೇಳಿಸಿತು. ಗಂಟೆ ಹೊಡೆದಷ್ಟು ಸ್ಪಷ್ಟವಾಗಿ!

"ಯಾಕ್ವೆ, ಬಾಬಾ! ಕ್ವೋಜ್ ಎತಲ್ ಙಾನ್ ಇಯಾ?"

ಬೂಬುವಿನ ಕೈಯಲ್ಲಿದ್ದ ಓಲೆ ಜಾರಿ ಬಿತ್ತು.

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ದೋಣಿಯ ಎಂಜಿನ್ ಸದ್ದು ಶುರುವಾಗಿ, ದೂರವಾಗಿ, ಕೇಳದೇ ಹೋಯಿತು.

'ನಾನು ಅದನ್ನು ಹೇಳಿಕೊಡಲೇ ಇಲ್ಲ... ದೇವರೇ, ನಾನು ಹೇಳಿಕೊಡಲೇ ಇಲ್ಲ!'

"ತಪ್ಪಾಗಿ ಉಲಿದಿದ್ರೂ ಆಗ್ತಿತ್ತು," ಬೂಬು ಕಡಲಿನ ಕಡೆ ನೋಡುತ್ತಾ ಹೇಳಿದಳು. "ಕಡಲಿಗೆ ಅರ್ಥ ಆಗ್ತಿರ್ಲಿಲ್ಲ. ನೀನು ಚೆನ್ನಾಗಿ ಕಲಿಸಿದ್ದೀಯ, ಮಗಾ."

ಆ ಸಂಜೆ ಲಾಬೆರಿಕ್ ಬರಲಿಲ್ಲ.

* * *

ಬೆಳಗಾಗುತ್ತಲೇ ಎಲ್ಲ ದೋಣಿಗಳೂ ಹುಡುಕಲು ಹೊರಟವು. ರೂಬೊನ್ ಮಾವ ಮುಂದೆ. ಲಾಬೆರಿಕ್ ಸದಾ ಮೀನಿಗೆ ಹೋಗುತ್ತಿದ್ದ ದಕ್ಷಿಣದ ಕಡೆಯೆಲ್ಲ ಜಾಲಾಡಿದರು. ಒಂದು ಹುಟ್ಟು ಇಲ್ಲ, ಒಂದು ಡಬ್ಬಿ ಇಲ್ಲ. ಎಲ್ಲಿಗೆ ಹೋದ ಅಂತ ಹೇಳುವವರೇ ಇಲ್ಲ, ಯಾಕೆಂದರೆ ಕೇಳಿದವರೇ ಇಲ್ಲವಲ್ಲ!

ಕೇಳಿದವನೊಬ್ಬನಿದ್ದ. ಅವನನ್ನು ಯಾರೂ ಮಾತಾಡಿಸಲಿಲ್ಲ.

ಗಾಳಿ ನಿಂತುಹೋಗಿತ್ತು. ಆದರೂ ಅಲೆಗಳು ಬರಬಾರದ ದಿಕ್ಕಿನಿಂದ, ಉತ್ತರದಿಂದ, ನಿಧಾನವಾಗಿ ಬಂದು ದಂಡೆಯಲ್ಲಿರುವ ನಮ್ಮ ಹಿರಿಯರ ಸಮಾಧಿಗಳ ಬುಡದ ಮರಳನ್ನು ಒಂದೊಂದು ಹಿಡಿ ಒಯ್ಯುತ್ತಿದ್ದವು. ನಾಯಿಗಳು ದಂಡೆಗೆ ಇಳಿಯಲಿಲ್ಲ.

ಆರ್ನೆಲ್ ಎಂದಿನಂತೆ ದಾರಿಯಲ್ಲಿ ನಡೆದುಹೋದ. ಪ್ರತಿ ಅಂಗಳದಲ್ಲೂ ಜನ ಊಟಕ್ಕೆ ಕೂತಿದ್ದರು. ಪ್ರತಿ ಅಂಗಳದಲ್ಲೂ ಜನ ತಟ್ಟೆಯ ಕಡೆ ಮುಖ ಬಗ್ಗಿಸಿದರು. ಊರಿನ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಒಬ್ಬರೂ 'ಇತೋಕ್' ಅನ್ನಲಿಲ್ಲ.

ತಾನೇನು ಮಾಡಿದೆ ಅಂತ ಅವನಿಗೆ ಗೊತ್ತಿರಲಿಲ್ಲ. ಮುದುಕ ಕಾಣೆಯಾದ ದುಃಖದಲ್ಲಿ ಹೀಗಿದ್ದಾರೆ ಅಂದುಕೊಂಡ. ಹೋದ ಜಾಗ ಊರಿಗೆಲ್ಲ ಗೊತ್ತಿದೆ, ಅಲ್ಲೇ ಹುಡುಕುತ್ತಿದ್ದಾರೆ ಅಂದುಕೊಂಡ. ಬೇರೆ ಹೇಗೆ ಅಂದುಕೊಳ್ಳಬೇಕು ಪಾಪ?

ಲಿಮೆಟೊ ನೀರಿಗೆಂದು ಯಂತ್ರದ ಶೆಡ್ಡಿನ ಕಡೆ ಹೋದಾಗ ಒಳಗಿನಿಂದ ಅವನ ಗುನುಗು ಕೇಳಿಸಿತು. ಸಣ್ಣ ದನಿ, ಲಾಲಿಯ ಹಾಗೆ ಒಂದೇ ರಾಗ ತಿರುತಿರುಗಿ.

ಹಾಡುತ್ತಿದ್ದಾನೆ! ಅಪ್ಪ ಎಲ್ಲಿದ್ದಾನೋ, ಇದ್ದಾನೋ ಇಲ್ಲವೋ... ಇವನು ಹಾಡುತ್ತಿದ್ದಾನೆ!

ಅವಳನ್ನು ಕಂಡು ಅವನು ಓಡಿ ಬಂದ. "ಟೀಚರ್, ನಿಮ್ಮನ್ನೇ ಕಾಯ್ತಿದ್ದೆ. ಅಪ್ಪಾಜಿ ವಿಷಯ ಏನಾದ್ರೂ..."

"ನನ್ನ ಹತ್ರ ಮಾತಾಡ್ಬೇಡಿ!" ಅವಳ ದನಿ ಅವಳಿಗೇ ಅಪರಿಚಿತವಾಗಿತ್ತು. "ಒಂದು ಮಾತೂ ಬೇಡ. ನಮ್ಮ ಭಾಷೆ ನಿಮ್ಮ ಬಾಯಲ್ಲಿ ಇನ್ಮೇಲೆ ಬರ್ಲೇಬಾರದು!"

"ನಾನೇನು ಮಾಡ್ದೆ?"

"ನಮ್ಮಪ್ಪನ್ನ ಕೇಳಿದ್ರಲ್ಲ... ಅದನ್ನ ಮಾಡಿದ್ರಿ!"

ಖಾಲಿ ಡಬ್ಬಿಯೊಂದಿಗೇ ಅವಳು ತಿರುಗಿ ಓಡಿದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನು ಬಾಗಿಲಲ್ಲಿ ನಿಂತೇ ಇದ್ದ.

ಅತ್ತದ್ದು ಮನೆಯ ಹಿಂದೆ, ತುರಿಮಣೆಯ ಪಕ್ಕದಲ್ಲಿ. 'ಅವನು ಕೇಳಿದ. ಕಲಿಸಿದ್ದು ಯಾರು? ಬೈಯಬೇಕಾದದ್ದು ಯಾರನ್ನ?' ಆ ಪ್ರಶ್ನೆ ಎದ್ದಾಗಲೆಲ್ಲ ಅವಳು ಅವನ ಮೇಲೆ ಇನ್ನಷ್ಟು ಕೋಪ ಮಾಡಿಕೊಂಡಳು. ಅವನ ಮೇಲೆ ಕೋಪ ಮಾಡಿಕೊಳ್ಳುವುದು ಅವಳಿಗೆ ಸುಲಭವಾಗಿತ್ತು.

* * *

ಹುಡುಕಲು ಹೋದ ದೋಣಿಗಳು ಬರಿಗೈಯಲ್ಲಿ ಬಂದವು, ಮತ್ತೆ ಹೋದವು, ಮತ್ತೆ ಬರಿಗೈಯಲ್ಲೇ ಬಂದವು. ಕೊನೆಗೆ ಒಂದು ಸಂಜೆ ರೂಬೊನ್ ಮಾವ ಅಂಗಳದಲ್ಲಿ ಬಂದು ನಿಂತ. ಟೊಪ್ಪಿಗೆ ಕೈಯಲ್ಲಿತ್ತು.

"ಪೆಟ್ರೋಲು ಮುಗೀತಾ ಬಂತು, ಬೂಬು. ಒಂದೇ ಒಂದು ಸಲಕ್ಕೆ ಆಗುವಷ್ಟಿದೆ. ಯಾವ ಕಡೆ ಹೋಗ್ಲಿ ಹೇಳು, ಹೋಗ್ತೀನಿ."

ಬೂಬು ಯಾವ ಕಡೆಯನ್ನೂ ಹೇಳಲಿಲ್ಲ. ಎದ್ದು ಒಳಗೆ ಹೋದಳು. ಮಗ ಮಲಗುತ್ತಿದ್ದ ಚಾಪೆಯ ಮುಂದೆ ಕುಕ್ಕರಿಸಿದಳು. ಅದರ ಅಂಚಿಗೆ ಕೈ ಹಾಕಿದಳು.

"ಬೂಬು, ಬೇಡ!" ಲಿಮೆಟೊ ಚೀರಿ ಆ ಕೈ ಹಿಡಿದಳು. "ಮಡಿಸ್ಬೇಡ! ಬಾಬಾ ಬರ್ತಾನೆ. ಮಡಿಸಿದ್ರೆ ನಾನು ನಿನ್ನ ಹತ್ರ ಮಾತೇ ಆಡಲ್ಲ!"

"ನಾನು ಹೆತ್ತವಳು ಕಣೇ," ಅಂದಳು ಮುದುಕಿ. "ನನಗೆ ಆಸೆ ಇಲ್ವಾ?"

ಅದೇ ಹೊತ್ತಿಗೆ ಹೊರಗಿನಿಂದ ಒಂದು ದನಿ ಬಂತು.

"ಜೊಲೊಕ್ ಬೋದ್..."

ಅಂಗಳದ ಅಂಚಿನಲ್ಲಿ ಆರ್ನೆಲ್ ನಿಂತಿದ್ದ. ಕರೆಯದೆ ಒಳಗೆ ಬರಬಾರದು ಅಂತ ಅವಳೇ ಕಲಿಸಿದ್ದಳು. ಬರಿಗಾಲು, ಒಣಗಿದ ತುಟಿ. ಪಾದ್ರಿಗಳು ಆವತ್ತು ಮಧ್ಯಾಹ್ನವಷ್ಟೇ ಅವನಿಗೆ ಎಲ್ಲವನ್ನೂ ಬಿಡಿಸಿ ಹೇಳಿದ್ದರು.

"ಜೊಲೊಕ್ ಬೋದ್, ಬೂಬು. ಜೊಲೊಕ್ ಬೋದ್, ಟೀಚರ್. ಹಡಗು ಬಂದ ತಕ್ಷಣ ಹೊರಟುಹೋಗ್ತೀನಿ. ಕೇಳಬಾರದು ಅಂತ ಗೊತ್ತಿರ್ಲಿಲ್ಲ..."

"ಗೊತ್ತಿಲ್ದೆ ಇದ್ರೆ ಬಾಯಿ ಮುಚ್ಕೊಂಡಿರಬೇಕಿತ್ತು!" ಅಂದಳು ಲಿಮೆಟೊ.

"ಅಪ್ಪಾಜಿಗೆ ಕೋಪ ಬಂದಿದ್ರೆ ನನಗೆ ಗೊತ್ತಾಗ್ತಿತ್ತು. ಕೈ ನಿಲ್ಲಿಸಿ ನನ್ನನ್ನೇ ನೋಡಿದ್ರು. ಆಮೇಲೆ ನಕ್ಕು ಉತ್ತರಾನೂ ಕೊಟ್ರು. ಅದಕ್ಕೇ ನಾನು..."

"...ಏನಂದ್ರಿ?"

"ಉತ್ತರ ಕೊಟ್ರು. ಎಲ್ಲರ ಹಾಗೇ."

ಲಿಮೆಟೊ ಮೆಟ್ಟಿಲಿಳಿದು ಬಂದಳು. "ಬಾಬಾ ನಿಮಗೆ ಉತ್ತರ ಹೇಳಿದ್ನಾ? ಏನಂತ? ಏನಂತ ಹೇಳಿದ?"

"ಅರ್ಥ ಗೊತ್ತಿಲ್ಲ. ಅವತ್ತು ಸಂಜೆ ನಿಮ್ಮನ್ನ ಕೇಳೋಣ ಅಂತಿದ್ದೆ. ಮರೀಬಾರದು ಅಂತ ಗುನುಗ್ತಾನೇ ಇದ್ದೀನಿ..."

ಅವನು ಕಣ್ಣು ಮುಚ್ಚಿದ. ಶೆಡ್ಡಿನಲ್ಲಿ ಕೇಳಿದ್ದ ಅದೇ ಲಾಲಿಯ ರಾಗ.

"ಇಜ್ ಎತಲ್ ಙಾನ್ ಇಜೋ ಬಾವೊ ರೆಜ್ ಕಿಕಿ ಇಯೇ."

ರೂಬೊನ್ ಮಾವನ ಕೈಯಿಂದ ಟೊಪ್ಪಿಗೆ ಬಿತ್ತು.

ಹಕ್ಕಿಗಳು ಮಲಗುವ ಜಾಗಕ್ಕೆ ಹೋಗುತ್ತಿದ್ದೇನೆ.

ಅದು ಉತ್ತರದ ತುದಿಯ ದ್ವೀಪ. ಅದರ ಹೆಸರನ್ನು ನಾವು ಬಾಯಲ್ಲಿ ಹೇಳುವುದಿಲ್ಲ. ನಮ್ಮ ದ್ವೀಪಗಳ ಒಡೆಯನ ಅಪ್ಪಣೆಯಿಲ್ಲದೆ ಅಲ್ಲಿ ಕಾಲಿಡುವ ಹಾಗಿಲ್ಲ, ಒಂದು ಮೊಟ್ಟೆ ಎತ್ತುವ ಹಾಗಿಲ್ಲ. ಕಾಲಿಟ್ಟರೂ ಅಲ್ಲಿ ಒಂದು ಮಾತೂ ಆಡಬಾರದು. ಹುಡುಕುವವರು ಅತ್ತ ತಲೆ ಕೂಡ ತಿರುಗಿಸಿರಲಿಲ್ಲ.

"ಆಮೆಗೆ ಹೋಗಿದ್ದಾನೆ," ಬೂಬು ಬಾಗಿಲಿಗೆ ಒರಗಿ ಹೇಳಿದಳು. "ಮಗುವಿನ ಹಬ್ಬಕ್ಕೆ ಆಮೆ ಬೇಕು ಅಂತ ನಾನೇ ಬಾಯಿ ಬಡ್ಕೊಂಡಿದ್ದೆ. ಕದ್ದು ಹೋಗಿದ್ದಾನೆ ಪೆದ್ದ! ದೋಣೀಲಿ ಕಾಲಿಟ್ಟ ಮೇಲೆ ಸುಳ್ಳು ಹೇಳೋದು ಇನ್ನೂ ಕೆಟ್ಟದ್ದು. ಅದಕ್ಕೆ ನಿಜಾನೇ ಹೇಳಿದ್ದಾನೆ... ಅರ್ಥ ಆಗದೋನು ಅಂತ!"

"ಅಲ್ಲಿಗೆ ಹೇಗೆ ಹೋಗೋದು?" ರೂಬೊನ್ ಮಾವ ಹಿಂಜರಿದ. "ಅಪ್ಪಣೆ ಇಲ್ಲ..."

"ಒಡೆಯನಿಗೆ ನಾನು ಉತ್ತರ ಕೊಡ್ತೀನಿ. ಬೆಳಕು ಹರಿಯೋಕೆ ಮುಂಚೆ ಹೊರಡಿ. ಬಾಯಿ ಮುಚ್ಕೊಂಡು ಹೋಗಿ, ಬಾಯಿ ಮುಚ್ಕೊಂಡು ಬನ್ನಿ." ಬೂಬುವಿನ ಬೆರಳು ಆರ್ನೆಲ್‌ನ ಕಡೆ ತಿರುಗಿತು. "ಇವನೂ ಹೋಗ್ಲಿ. ಕೇಳಿದವನೇ ಕರ್ಕೊಂಡು ಬರಬೇಕು."

ಲಿಮೆಟೊ ಅವನಿಗೆ ಅರ್ಥ ಹೇಳಿದಳು. ಈಜು ಬಾರದ ಬೆಟ್ಟದ ಹುಡುಗ ಕಡಲನ್ನೊಮ್ಮೆ ನೋಡಿದ. ಮುಖ ಬಿಳಿಚಿಕೊಂಡಿತ್ತು.

ಆಮೇಲೆ ಎರಡೂ ಹುಬ್ಬು ಮೇಲೆತ್ತಿದ.

* * *

ಬೆಳಕು ಬರುವಾಗ ಲಿಮೆಟೊ ಸೇರಿ ಮೂವರೂ ಅಲ್ಲಿದ್ದರು. ರೂಬೊನ್ ಮಾವ ಎಂಜಿನ್ ನಿಲ್ಲಿಸಿ ಹುಟ್ಟು ಹಾಕಿದ. ಮಾತಿಲ್ಲ. ಕೆಮ್ಮು ಬಂದರೂ ನುಂಗಿಕೊಳ್ಳಬೇಕು.

ಮೊದಲು ಅವಳಿಗೆ ಏನು ಸರಿಯಿಲ್ಲ ಅಂತ ತಿಳಿಯಲಿಲ್ಲ. ಆಮೇಲೆ ತಲೆ ಎತ್ತಿ ನೋಡಿದಳು. ಹಕ್ಕಿಗಳೇ ಇರಲಿಲ್ಲ. ಆಕಾಶ ಕಪ್ಪಾಗುವಷ್ಟು ಹಕ್ಕಿಗಳಿರುತ್ತವೆ ಅಂತ ಹಿರಿಯರು ಹೇಳುತ್ತಿದ್ದ ಜಾಗದಲ್ಲಿ ಒಂದು ಗರಿಯೂ ಹಾರಲಿಲ್ಲ. ಅರ್ಧ ದ್ವೀಪ ನೀರಿನೊಳಗಿತ್ತು. ಎಲೆ ಉದುರಿದ ಬಿಳಿ ಮರಗಳು ಮಂಡಿಯುದ್ದ ಉಪ್ಪುನೀರಿನಲ್ಲಿ ನಿಂತಿದ್ದವು.

'ಬಾಬಾ...' ಕೂಗು ಗಂಟಲಿಗೆ ಬಂದು ಬಂದು ಹಿಂದೆ ಹೋಯಿತು. ಕೂಗದೆ ಹುಡುಕುವುದು ಹೇಗೆ? ಓಗೊಡುವವನು ಓಗೊಡುವುದು ಹೇಗೆ?

ಆರ್ನೆಲ್ ಅವಳ ಭುಜ ಮುಟ್ಟಿದ. ಬೆರಳು ತೋರಿಸಿದ.

ದೂರದ ಮರಳುದಿಣ್ಣೆಯ ಮೇಲೆ ಒಂದು ಕೋಲು ನೆಟ್ಟಿತ್ತು. ಕೋಲಿನ ತುದಿಯಲ್ಲಿ ನೀಲಿಯದೇನೋ ಅಲ್ಲಾಡುತ್ತಿತ್ತು.

ಚಪ್ಪಲಿ. ಆವತ್ತು ಕಡಲು ಒಯ್ದಿದ್ದ ಆರ್ನೆಲ್‌ನ ಚಪ್ಪಲಿ!

ಕಡಲು ಇನ್ನೊಂದಕ್ಕೆ ಬಂದೇ ಬರುತ್ತೆ... ಬೂಬುವಿನ ಮಾತು ಕಿವಿಯಲ್ಲಿ ಮೊರೆಯಿತು. ಅವಳು ದೋಣಿಯ ಅಂಚು ಹಿಡಿದು ಕೂತುಬಿಟ್ಟಳು. ಹೋಗಿ ನೋಡುವ ಧೈರ್ಯ ಸಾಲಲಿಲ್ಲ.

ಆರ್ನೆಲ್ ದೋಣಿಯಿಂದ ಇಳಿದುಬಿಟ್ಟ. ನೀರು ಸೊಂಟಕ್ಕೆ ಬಂತು, ಎದೆಗೆ ಬಂತು. ಕಣ್ಣು ಬಿಗಿಯಾಗಿ ಮುಚ್ಚಿಕೊಂಡೇ ನಡೆದ. ಅದನ್ನು ಕಂಡು ಅವಳಿಗೆ ಎಲ್ಲಿಂದ ಬಲ ಬಂತೋ, ತಾನೂ ಧುಮುಕಿ ಅವನ ಕೈ ಹಿಡಿದಳು.

ದಿಣ್ಣೆಯ ಹಿಂದೆ, ಒಡೆದ ದೋಣಿಯ ನೆರಳಲ್ಲಿ ಲಾಬೆರಿಕ್ ಮಲಗಿದ್ದ. ಕಾಲು ಮುರಿದಿತ್ತು. ತುಟಿ ಬಿರಿದಿತ್ತು. ಸುತ್ತ ಒಂದಿಷ್ಟು ಎಳನೀರಿನ ಚಿಪ್ಪು.

ಅವನು ಕಣ್ಣು ತೆರೆದ!

ಏನೋ ಹೇಳಲು ಬಾಯಿ ಬಿಟ್ಟವನ ತುಟಿಯ ಮೇಲೆ ಮಗಳು ಅಂಗೈ ಇಟ್ಟಳು. ಅವಳ ಕಣ್ಣೀರು ಅವನ ಮುಖದ ಮೇಲೆ ಬಿತ್ತು. ರೂಬೊನ್ ಮಾವ ಟೊಪ್ಪಿಗೆ ಕಚ್ಚಿಕೊಂಡು ಅತ್ತ. ಸದ್ದಿಲ್ಲದೆ ಅಷ್ಟು ಜೋರಾಗಿ ಅಳಬಹುದು ಅಂತ ಅವರಿಗೆ ಆವತ್ತೇ ಗೊತ್ತಾದದ್ದು.

ಆರ್ನೆಲ್ ಅವನನ್ನು ಬೆನ್ನ ಮೇಲೆ ಹೊತ್ತ. ಎಲೆಕೋಸಿನ ಮೂಟೆ ಹೊತ್ತು ಬೆಟ್ಟ ಹತ್ತಿದ ಬೆನ್ನು ಅದು, ನೀರಿನಲ್ಲೂ ನಡುಗಲಿಲ್ಲ.

ದೋಣಿ ಆ ದ್ವೀಪದ ಗಡಿ ದಾಟಿತು. ಎಂಜಿನ್ ಶುರುವಾಯಿತು. ಆಗ ಲಾಬೆರಿಕ್ ಮೊದಲು ಮಾತಾಡಿದ್ದು ಮಗಳ ಹತ್ತಿರವಲ್ಲ.

"ಏನೋ ಬೆಟ್ಟದೋನೇ... ಉತ್ತರ ಅರ್ಥ ಆಯ್ತಾ?"

ಲಿಮೆಟೊ ನಗುತ್ತಾ ಅಳುತ್ತಾ ಅದನ್ನು ಇಂಗ್ಲಿಷಿನಲ್ಲಿ ಆರ್ನೆಲ್‌ಗೆ ತಿಳಿಸಿದಳು.

"ಆಗ್ಲಿಲ್ಲ ಬಾಬಾ. ಟೀಚರ್ ಹತ್ರ ತಗೊಂಡು ಹೋದೆ."

ಲಾಬೆರಿಕ್ ಮುಗುಳ್ನಕ್ಕ. ಆಮೇಲೆ ಹಿಂದೆ ದೂರವಾಗುತ್ತಿದ್ದ ಬಿಳಿ ಮರಗಳನ್ನು ನೋಡಿದ. ನಗು ಆರಿತು. "ಆಮೆ ಒಂದೂ ಇರ್ಲಿಲ್ಲ. ಹಕ್ಕಿಗಳೂ ಹೊರಟುಹೋಗಿವೆ. ಎಲ್ಲಿಗೆ ಅಂತ ಕೇಳೋರೂ ಇಲ್ಲ ಅಲ್ಲಿ," ಅಂದ. ಉಳಿದವರು ಹಿಂದೆ ತಿರುಗಿ ನೋಡಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಲಿಮೆಟೊ ಆರ್ನೆಲ್‌ನ ಕಡೆ ಸರಿದು ಕೂತಳು.

"ಜೊಲೊಕ್ ಬೋದ್," ಅಂದಳು ತಲೆ ತಗ್ಗಿಸಿ. "ಕಲಿಸದೆ ಬಿಟ್ಟಿದ್ದು ನಾನು. ಬೈದಿದ್ದು ನಿಮಗೆ. ನಿಮ್ಮ ಹತ್ರ ಆವತ್ತೇ ಮಾತಾಡಿದ್ದಿದ್ರೆ ಬಾಬಾ ಇಷ್ಟು ನರಳ್ತಿರ್ಲಿಲ್ಲ..."

ಅವನು ಗಾಳಿಯಲ್ಲಿ ಏನನ್ನೋ ಹಿಡಿದವನಂತೆ ಮುಷ್ಟಿ ಕಟ್ಟಿ, ದೋಣಿಯಾಚೆ ದೂರಕ್ಕೆ ಎಸೆದ.

"ವಾಪಸ್ ತರಲ್ಲ," ಅಂದ.

* * *

ಬೂಬು ಮಗನನ್ನು ಕಂಡು ಅಳಲಿಲ್ಲ. ಮಡಿಸದೆ ಬಿಟ್ಟಿದ್ದ ಚಾಪೆಯ ಮೇಲೆ ಮಲಗಿಸಿ, ಚೆನ್ನಾಗಿ ಬೈದಳು. ಚಪ್ಪಲಿಯ ಮಾತನ್ನು ಎತ್ತಿದವರಿಗೆ ಮಾತ್ರ, "ಬಂದೇ ಬರುತ್ತೆ ಅಂದಿದ್ದೆ. ಬಂತಲ್ಲ!" ಅಂದಳು. ಮುದುಕಿಯನ್ನು ಮಾತಿನಲ್ಲಿ ಗೆದ್ದವರು ನಮ್ಮೂರಲ್ಲಿ ಯಾರೂ ಇಲ್ಲ.

ಊರಿನ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಮತ್ತೆ 'ಇತೋಕ್, ಇತೋಕ್' ಕೇಳಿಸಿತು. ಆರ್ನೆಲ್ ತಿಂದು ತಿಂದು ನಡೆಯಲಾರದೆ ಹೋದ.

ಆದರೆ ಯಂತ್ರ ಸರಿಯಾಗಿತ್ತು. ಹಡಗು ಬಂದೇಬಿಟ್ಟಿತು.

ಊರೆಲ್ಲ ದಂಡೆಯಲ್ಲಿ ಸೇರಿತ್ತು. ಲಿಮೆಟೊ ಎಲ್ಲರ ಹಿಂದೆ ನಿಂತಿದ್ದಳು. ಅವನು ಚರ್ಚಿನ ಕಡೆಯಿಂದ ಬರುವುದು ಕಂಡಿತು. ಕಾಲಲ್ಲಿ ನೀಲಿ ಚಪ್ಪಲಿ, ಹೆಗಲಲ್ಲಿ ಚೀಲ.

ಚೀಲ...

ಅವನು ಹಡಗಿನ ದೋಣಿಯ ಹತ್ತಿರ ಹೋಗಿ ಅಲ್ಲಿನವರ ಜೊತೆ ಏನೋ ಮಾತಾಡಿದ. ಅವಳ ಬಾಯಿಯೊಳಗೆ ಒಂದೇ ಒಂದು ಪ್ರಶ್ನೆ ತುಂಬಿ ನಿಂತಿತ್ತು. ತಾನೇ ಕಲಿಸಿದ ಪ್ರಶ್ನೆ. ದೋಣಿ ನೀರಿನಲ್ಲಿತ್ತು, ಅವನು ಅದರ ಪಕ್ಕದಲ್ಲಿದ್ದ. ಕೇಳುವ ಹಾಗಿರಲಿಲ್ಲ.

'ಕೇಳಲಾರೆ. ಕೇಳಿದರೆ ಕಡಲಿಗೆ ಕೇಳಿಸುತ್ತದೆ. ಹೋಗಿ ಬಾ... ಸುಖವಾಗಿ ಹೋಗು. ಕಣ್ಣೇ, ನೀನಾದರೂ ಸುಮ್ಮನಿರು!'

ಅವನು ತಿರುಗಿದ. ಜನರ ನಡುವೆ ದಾರಿ ಮಾಡಿಕೊಂಡು ನೇರವಾಗಿ ಅವಳ ಮುಂದೆ ಬಂದು ನಿಂತ. ಅವಳ ಬಿಗಿದ ತುಟಿಗಳನ್ನು ನೋಡಿದ. ಅಲ್ಲಿ ಏನು ಸಿಕ್ಕಿಕೊಂಡಿದೆ ಅಂತ ಅವನಿಗೆ ಗೊತ್ತಿತ್ತು.

ಅವಳು ಕೇಳಲಿಲ್ಲ. ಅವನೇ ಉತ್ತರ ಹೇಳಿದ.

"ಇಜ್ ಎತಲ್ ಙಾನ್ ಮ್ವೇವೊ ಇಮಮ್."

ನಿನ್ನ ಮನೆಗೆ ಹೋಗುತ್ತಿದ್ದೇನೆ.

ದಂಡೆಯಲ್ಲಿ ಯಾರೋ ಕೇಕೆ ಹಾಕಿದರು. ರೂಬೊನ್ ಮಾವನಿರಬೇಕು.

"ಮೊದಲೇ ಕರೆದಿದ್ದೆನಲ್ಲೋ, ನೀನೂ ಬರ್ತೀಯಾ ಅಂತ!"

"ಇದನ್ನ ಯಾರು ಕಲಿಸಿದ್ರು?" ಅವಳ ದನಿ ನಡುಗಿತು.

"ನಿಮ್ಮಪ್ಪ. ಕಾಲು ಮುರ್ಕೊಂಡು ಮಲಗಿದ್ದಾರಲ್ಲ, ಪಾಠ ಹೇಳೋಕೆ ಪುರುಸೊತ್ತಿದೆ. ಸುತ್ತಲಿನ ದ್ವೀಪಗಳಲ್ಲೂ ಯಂತ್ರ ಕೆಟ್ಟಿವೆ. ಇಲ್ಲೇ ಇದ್ದು ರಿಪೇರಿ ಮಾಡ್ತೀನಿ ಅಂತ ಹಡಗಿನವರ ಕೈಲಿ ಹೇಳಿ ಕಳಿಸ್ದೆ. ಮದುವೆಯಾದ ಗಂಡು ಹೆಣ್ಣಿನ ಮನೆಗೆ ಬರಬೇಕಂತಲ್ಲ ನಿಮ್ಮಲ್ಲಿ? ಚೀಲ ತಗೊಂಡೇ ಬಂದೆ." ಅವನು ಒಂದು ಕ್ಷಣ ಹಿಂಜರಿದ. "ಕರೆಯದೆ ಒಳಗೆ ಬರಬಾರದು ಅಂತಾನೂ ಗೊತ್ತು. ಇಲ್ಲೇ ನಿಂತಿರ್ತೀನಿ."

ಲಿಮೆಟೊ ಕೆನ್ನೆ ಒರೆಸಿಕೊಂಡಳು. ಕಡಲು ಅವರ ಕಾಲ ಬಳಿ ಬಂದು ಒಂದು ಹಿಡಿ ಮರಳು ಒಯ್ದಿತು. ಅವಳು ಅದನ್ನು ನೋಡಿದಳು, ಆಮೇಲೆ ಅವನನ್ನು ನೋಡಿದಳು.

"ಇಷ್ಟೆಲ್ಲ ಕಲಿತ್ರಿ. ಮೊದಲನೇ ದಿನ ಕಲಿಸಿದ್ದು ನೆನಪಿದೆಯಾ?"

"ಜಬ್ ಎತಲ್. ಹೋಗಬೇಡ."

"ಆವತ್ತೂ ಅದನ್ನೇ ಹೇಳಿದ್ದೆ. ಕೈ ಬೀಸಿದ್ರಲ್ಲ ನೀವು!"

"ಈಗ ಅರ್ಥ ಆಯ್ತು, ಟೀಚರ್."

"ಟೀಚರ್ ಅಲ್ಲ. ಲಿಮೆಟೊ." ಅವಳು ಅವನ ಹೆಗಲಿನ ಚೀಲಕ್ಕೆ ಕೈ ಹಾಕಿದಳು. "ಇತೋಕ್. ಬೂಬು ಜೀಗುಜ್ಜೆ ಸುಟ್ಟಿದ್ದಾಳೆ, ಆರಿಹೋಗುತ್ತೆ. ಬಾ, ಊಟ ಮಾಡು."